ಹಿಮನದಿಯ ಕೆಳಗೆ ಇಬ್ಬರ ಡೇರೆ

ಗಾರ್ಮಿಷ್ ಊರಿನ ಮೇಲಿನ ಬೆಟ್ಟ, ಜರ್ಮನಿ
ಭಾನುವಾರ, ೨೦ ಜುಲೈ ೨೦೦೩, ಬೆಳಗಿನ ಎಂಟು ಗಂಟೆ

ಸಿಟ್ಟಿನಲ್ಲಿದ್ದರೂ ನನ್ನವಳೇ ಆದ ವಿಜಯಾ,

ಮೊದಲು ನಿನ್ನ ಗಂಟಲಿನ ಸುದ್ದಿ ಬರೆ. ಶಾಲೆ ಶುರುವಾದ ಮೊದಲ ತಿಂಗಳು ಎಂಟನೆಯ ಇಯತ್ತೆಯ ಹುಡುಗರನ್ನು ಹಿಡಿತಕ್ಕೆ ತರುವಷ್ಟರಲ್ಲಿ ನಿನ್ನ ಧ್ವನಿ ಬಿದ್ದುಹೋಗುತ್ತದೆ ಎಂದು ನಿನ್ನ ತಮ್ಮ ರವಿಶಂಕರ ಹೇಳಿದ. ಜ್ಯೇಷ್ಠಮಧುವಿನ ತುಂಡು ಬಾಯಲ್ಲಿಟ್ಟುಕೋ, ಬೋರ್ಡು ಒರೆಸುವ ಕೆಲಸವನ್ನು ಹುಡುಗರಿಗೇ ಬಿಡು, ಸೀಮೆಸುಣ್ಣದ ಧೂಳು ನುಂಗಬೇಡ. ಮಾವನವರ ಮೊಣಕಾಲು ಹೇಗಿದೆ? ಅತ್ತೆಯವರು ಉಪ್ಪು ನಿಜವಾಗಿ ಕಡಿಮೆ ಮಾಡಿದರೋ, ಡಾಕ್ಟರ ಮುಂದೆ ಮಾತ್ರ ಕಡಿಮೆಯೋ? ನನ್ನ ಆರೋಗ್ಯಕ್ಕೇನೂ ಆಗಿಲ್ಲ. ಮೂಗಿನ ತುದಿಯ ಚರ್ಮ ಸುಲಿದಿದೆ, ಅಷ್ಟೆ. ಹಿಮದ ಮೇಲೆ ನಿಂತರೆ ಬಿಸಿಲು ಕೆಳಗಿನಿಂದಲೂ ಸುಡುತ್ತದೆ ಎಂದು ಬ್ಯಾಡಗಿಯವನಿಗೆ ಯಾರು ಹೇಳಬೇಕು? ಫೋನಿನಲ್ಲಿ ಕೇಳಬಹುದಾದದ್ದನ್ನೆಲ್ಲ ಕಾಗದದಲ್ಲಿ ಕೇಳುತ್ತಿದ್ದಾನಲ್ಲ ಎನ್ನಬೇಡ. ನಾಲ್ಕು ಭಾನುವಾರ ಫೋನ್ ಮಾಡಿದೆ. ನಾಲ್ಕು ಸಲವೂ ರವಿಶಂಕರ ಉಸಿರೆಳೆದುಕೊಂಡು, 'ಅಕ್ಕ ಜಳಕಕ್ಕ ಹೋಗ್ಯಾಳ್ರೀ ಮಾಮಾ' ಎಂದ. ಹತ್ತು ದಿನಕ್ಕೊಮ್ಮೆ ನಳದ ನೀರು ಬರುವ ಗದಗಿನಲ್ಲಿ ನನ್ನ ಫೋನು ಬಂದಾಗಲೆಲ್ಲ ನಿನಗೆ ಜಳಕ. ಈ ಲೆಕ್ಕ ಎಲ್ಲಿಂದ ಕೂಡಿಸಿದರೂ ಹೊಂದುವುದಿಲ್ಲ ಟೀಚರ್.

ಎಲ್ಲಿ ಕೂತು ಬರೆಯುತ್ತಿದ್ದೇನೆ ಎಂದರೆ ನೀನು ನಂಬಲಿಕ್ಕಿಲ್ಲ. ಆಲ್ಪ್ಸ್ ಬೆಟ್ಟದ ಮಡಿಲಲ್ಲಿ, ಹಿಮನದಿಯ ತುದಿಯಿಂದ ಒಂದು ತಾಸಿನ ನಡಿಗೆಯಷ್ಟು ಕೆಳಗೆ, ಮರದ ಅಟ್ಟದ ಮೇಲೆ ಕಟ್ಟಿದ ಒಂದು ದೊಡ್ಡ ಡೇರೆಯಲ್ಲಿ. ಇಂಥವು ಆರು ಇವೆ. ರಸ್ತೆ ಇಲ್ಲಿಗೆ ಬಂದಿಲ್ಲ, ಕರೆಂಟಿನ ತಂತಿ ಬಂದಿಲ್ಲ, ಮೊಬೈಲಿನ ಸಿಗ್ನಲ್ ಕೆಳಗಿನ ತಿರುವಿನಲ್ಲೇ ಪ್ರಾಣ ಬಿಡುತ್ತದೆ. ಇದಕ್ಕೆ ಇಕೋ ಕ್ಯಾಂಪ್ ಎನ್ನುತ್ತಾರೆ, ದೊಡ್ಡ ದೊಡ್ಡ ಡಾಕ್ಟರುಗಳು, ವಕೀಲರು ವರ್ಷದ ಮುಂಚೆ ಹೆಸರು ಬರೆಸಿ ಬರುತ್ತಾರೆ. ನನಗೆ ಹೇಗೆ ಸಿಕ್ಕಿತು ಎಂದರೆ, ಇವರು ಹೆಸರು ಬರೆದುಕೊಳ್ಳುವ ಪ್ರೋಗ್ರಾಂ ಮಾಡಿಕೊಟ್ಟದ್ದು ಎಷ್‌ಬಾರ್ನಿನ ನಮ್ಮ ಆಫೀಸು. ಹೋದ ಕ್ರಿಸ್‌ಮಸ್ ದಿನ ಅದು ಕೆಟ್ಟು ಕೂತಾಗ ಇಡೀ ಜರ್ಮನಿಯಲ್ಲಿ ಫೋನ್ ಎತ್ತಿದವನು ನಾನೊಬ್ಬನೇ. ಎರಡು ತಾಸಿನಲ್ಲಿ ಸರಿಮಾಡಿಕೊಟ್ಟೆ, ಮೂರು ತಾಸು ಮಾತಾಡಿದೆ. ಅದರ ಉಪಕಾರಕ್ಕೆ ಮೂರು ರಾತ್ರಿಯ ವಾಸ, ಇಬ್ಬರಿಗೆ. ಮಾರ್ಚಿನಲ್ಲಿ ಅರ್ಜಿ ತುಂಬುವಾಗ ಎಷ್ಟು ಜನ ಎಂಬ ಕಡೆ ಎರಡು ಎಂದು ಬರೆದು, ಕೆಳಗೆ ನಿನ್ನ ಹೆಸರನ್ನು ದುಂಡಗೆ ಬರೆದೆ. ಜುಲೈ ಅಂದರೆ ನೀನು ಬಂದಿರುತ್ತೀ ಎಂಬ ಧೈರ್ಯ. ಈಗ ಡ್ರೆಸ್ಡೆನ್ನಿಗೆ ಹೋಗಿರುವ ಗೆಳೆಯ ದ್ವಾರಕನಾಥ ಸುದ್ದಿ ಕೇಳಿ ಮೈಸೂರು ಕನ್ನಡದಲ್ಲಿ ನಕ್ಕ: 'ಏನ್ ಗುರು, ಹನಿಮೂನಿಗೆ ಒಬ್ನೇ ಹೊರಟ್ಯಲ್ಲಪ್ಪ! ವಾಪಸ್ ಬರೋವಾಗ ಇಬ್ರಾಗಿ ಬಂದ್ಬಿಟ್ಟೀಯ, ಹುಷಾರು ಕಣೋ.'

ಇಲ್ಲಿಯ ಐಷಾರಾಮ ಏನು ಎಂದು ಕೇಳು. ಅಡುಗೆ ಕಟ್ಟಿಗೆಯ ಒಲೆಯ ಮೇಲೆ. ಬೆಳಕಿಗೆ ಜೇನುಮೇಣದ ಬತ್ತಿ, ಜೊತೆಗೆ ಬಿಸಿಲಿನಿಂದ ಕರೆಂಟು ಹಿಡಿದಿಡುವ ಬ್ಯಾಟರಿಯ ಪುಟ್ಟ ದೀಪ. ನೀರನ್ನು ಝರಿಯಿಂದ ಹಿಡಿದು ತರಬೇಕು. ಕಕ್ಕಸಿನಲ್ಲಿ ನೀರೇ ಇಲ್ಲ, ಕೆಲಸ ಮುಗಿದ ಮೇಲೆ ಒಂದು ಡಬ್ಬಿ ಮರದ ಹೊಟ್ಟು ಸುರಿದು ಬರಬೇಕು. ಬ್ಯಾಡಗಿಯ ನಮ್ಮ ಮನೆಯಲ್ಲಿ ಅವ್ವ ಮೂವತ್ತು ವರ್ಷ ಊದುಗೊಳವೆ ಊದಿ, ಕಂದೀಲಿನ ಗಾಜು ಒರೆಸಿ, ಕೊಡ ಹೊತ್ತು ತಂದದ್ದೆಲ್ಲ ಐಷಾರಾಮ ಎಂದು ಅವಳಿಗೆ ಯಾರೂ ತಿಳಿಸಲಿಲ್ಲ. ನಾನು ಮೆಣಸಿನಕಾಯಿ ಪೇಟೆಯಲ್ಲಿ ಚೀಲ ತೂಗುವ ಹುಡುಗನಾಗಿದ್ದವನು, ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಅದೇ ಕ್ಲಾಸಿಗೆ ಮಾಸ್ತರನಾಗಿ, ಮಾತಿನ ಬಲದಿಂದ ಇಲ್ಲಿಯವರೆಗೆ ಹತ್ತಿಬಂದವನು. ಯಾವುದರಿಂದ ಓಡಿಬಂದೆನೋ ಅದನ್ನೇ ಇವರು ಮಡಿಚಿ, ಇಸ್ತ್ರಿ ಮಾಡಿ, ಮೇಲೊಂದು ಕಾಡುಹೂವಿಟ್ಟು ಕೊಡುತ್ತಾರೆ. ಆದರೆ ಹೊದಿಕೆ ಮಾತ್ರ ಒಪ್ಪಬೇಕು, ಕುರಿಯ ಉಣ್ಣೆ, ನಮ್ಮ ಕಂಬಳಿಯ ಹಾಗೆ ಚುಚ್ಚುವುದಿಲ್ಲ. ನಿನ್ನೆ ಬೆಳಗ್ಗೆ ಲಿಂಗಪೂಜೆಗೆ ಹಿಮ ಕರಗಿದ ನೀರು ತಂದೆ. ಅಂಗೈ ಮರಗಟ್ಟಿ ಲಿಂಗ ಹಿಡಿದಿದ್ದೇನೋ ಇಲ್ಲವೋ ಎಂದೇ ಗೊತ್ತಾಗಲಿಲ್ಲ.

ಎಲ್ಲವೂ ಇಬ್ಬರ ಲೆಕ್ಕದಲ್ಲಿದೆ, ಅದೇ ಕಷ್ಟ. ಡೇರೆಯ ಬಾಗಿಲಿಗೆ ಹಲಗೆಯ ಮೇಲೆ ನಮ್ಮಿಬ್ಬರ ಹೆಸರು. ಎರಡು ಮಣ್ಣಿನ ಬಟ್ಟಲು, ಎರಡು ಮೊಳೆಗೆ ಎರಡು ಟವೆಲು, ಒಂದು ಜೊತೆ ದೊಡ್ಡ ಮರದ ಮೆಟ್ಟು, ಒಂದು ಜೊತೆ ಸಣ್ಣದು. ನಿನ್ನ ಅಳತೆ ನನಗೆ ಗೊತ್ತಿಲ್ಲದೆ ಅಂದಾಜಿನಲ್ಲಿ ಬರೆದಿದ್ದೆ, ನೋಡಿದರೆ ಸ್ವಲ್ಪ ದೊಡ್ಡದೇ ಆದೀತು ಅನ್ನಿಸಿತು. ಹೊರಗೆ ಕಟ್ಟಿಗೆಯ ಉರಿಯಲ್ಲಿ ನೀರು ಕಾಯಿಸುವ ಮರದ ತೊಟ್ಟಿ ಇದೆ, ಅದೂ ಇಬ್ಬರದು. ಇಬ್ಬರು ಕೂತರೆ ನೀರು ಕುತ್ತಿಗೆಯವರೆಗೆ ಬರುವಂತೆ ಗುರುತು ಹಾಕಿ ತುಂಬಿಸುತ್ತಾರೆ. ಒಬ್ಬನೇ ಕೂತರೆ ಎದೆಯವರೆಗೂ ಬರುವುದಿಲ್ಲ. ಭುಜ ತಣ್ಣಗಾಗುತ್ತಲೇ ಇರುತ್ತದೆ. ಮದುವೆಯಾಗಿ ಹದಿನಾಲ್ಕು ತಿಂಗಳಲ್ಲಿ ನಾವಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಹದಿನೆಂಟು ದಿನ. ಆ ಹದಿನೆಂಟನ್ನೇ ಹಿಂದೆಮುಂದೆ ತಿರುಗಿಸಿ ನೋಡುತ್ತಿರುತ್ತೇನೆ. ಉಳವಿಗೆ ಹೋಗುವಾಗ ಬಸ್ಸಿನಲ್ಲಿ ನೀನು ಹಳಿಯಾಳ ದಾಟುತ್ತಲೇ ನನ್ನ ತೋಳಿನ ಮೇಲೆ ನಿದ್ದೆ ಹೋದೆ. ದಾಂಡೇಲಿಯವರೆಗೆ ನಾನು ತೋಳು ಅಲುಗಿಸಲಿಲ್ಲ, ಇಳಿಯುವಾಗ ಆ ಕೈಯಲ್ಲಿ ಚೀಲ ಹಿಡಿಯಲಾಗದೆ ನಿನ್ನ ಕೈಗೇ ಕೊಟ್ಟೆ, ನೀನು 'ಇಷ್ಟ ಬೇಗ ಹೇಂತಿ ಕೈಯಾಗ ಚೀಲಾ ಕೊಟ್ಟರೇನ್ರಿ?' ಎಂದೆ. ಕಾರಣ ಇವತ್ತು ಹೇಳುತ್ತಿದ್ದೇನೆ. ಇನ್ನೊಂದು, ನಾನು ಮಾತಾಡುತ್ತ ಹೋದರೆ ನೀನು 'ಹ್ಞೂಂ, ಹ್ಞೂಂ' ಎನ್ನುತ್ತಿದ್ದೆ. ಒಪ್ಪಿದಳು ಎಂದು ನಾನು ಹಿಗ್ಗಿದಾಗ, 'ಹ್ಞೂಂ ಅಂದ್ರ ಹೌದಂತಲ್ರಿ, ಕೇಳಾಕತ್ತೇನಿ ಅಂತ' ಎಂದು ನಿಲ್ಲಿಸಿದೆ. ಈಗ ಆ ಹ್ಞೂಂ ಕೂಡ ಇಲ್ಲ. ಎಷ್ಟು ಮಾತಾಡಿದರೂ ಎದುರಿಗೆ ಯಾರೂ ಇಲ್ಲದಿದ್ದರೆ ನನ್ನಂಥವನಿಗೆ ಊಟ ಮಾಡಿ ಹೊಟ್ಟೆ ತುಂಬದ ಹಾಗೆ.

ನಮ್ಮ ನಡುವಿನ ಲೆಕ್ಕ ಎಲ್ಲಿಗೆ ನಿಂತಿದೆ ಎಂದು ಒಮ್ಮೆ ಬರೆದುಬಿಡುತ್ತೇನೆ, ನಿನಗೆ ಗೊತ್ತಿದ್ದದ್ದೇ ಆದರೂ. ಹೋದ ವರ್ಷ ಇದೇ ಜುಲೈ ಇಪ್ಪತ್ತೆರಡಕ್ಕೆ ಚೆನ್ನೈನ ಕಾನ್ಸುಲೇಟಿನಲ್ಲಿ ನಿನ್ನ ವೀಸಾ ಸಂದರ್ಶನವಿತ್ತು. ರೈಲಿನ ಟಿಕೀಟೂ ಆಗಿತ್ತು. ಅಷ್ಟರಲ್ಲಿ ಅವ್ವ ಗದಗಿಗೆ ಫೋನ್ ಮಾಡಿ, 'ಆಷಾಢದಾಗ ಹೊಸಾ ಮದಿಮಗಳು ಗಂಡನ ದಿಕ್ಕಿಗೆ ಹೆಜ್ಜಿ ಇಡಬಾರದ್ರಿ ಬೀಗರ, ಶ್ರಾವಣ ಬರಲಿ' ಎಂದಳು. ಮಾವನವರು ಪದ್ಧತಿ ಎಂದರೆ ಎರಡನೆಯ ಮಾತಾಡುವವರಲ್ಲ. ಟಿಕೀಟು ರದ್ದಾಯಿತು. ನೀನು ಮಾತ್ರ ಆವತ್ತು ಫೋನಿನಲ್ಲಿ ಕೇಳಿದೆ, 'ಚೆನ್ನೈ ಯಾವಾಗಿಂದ ಗಂಡನ ಮನಿ ಆತ್ರಿ?' ಎಂದು. ನಾನು ಲೈನು ಸರಿಯಿಲ್ಲ ಎಂದೆ. ಕೈಬಿಟ್ಟ ಆ ಸಂದರ್ಶನ ಮತ್ತೆ ಕೂಡಿಬಂದದ್ದು ಈ ವರ್ಷದ ಮೇ ತಿಂಗಳಲ್ಲಿ. ಮೂವತ್ತು ದಿನದ ಆಷಾಢ ಹಿಗ್ಗಿ ಹಿಗ್ಗಿ ಒಂದು ವರ್ಷವಾಯಿತು. ಜೂನ್ ಹತ್ತಕ್ಕೆ ನಿನ್ನ ಪಾಸ್‌ಪೋರ್ಟಿಗೆ ವೀಸಾ ಬಿತ್ತು. ಸೆಪ್ಟೆಂಬರ್ ಒಂಬತ್ತರೊಳಗೆ ನೀನು ಈ ನೆಲಕ್ಕೆ ಕಾಲಿಡದಿದ್ದರೆ ಅದು ಸತ್ತಂತೆ, ಎಲ್ಲ ಮೊದಲಿನಿಂದ. ನನ್ನ ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ಇಲ್ಲಿಯ ಗ್ರೀನ್ ಕಾರ್ಡ್ ಎಂಬುದು ಹಸಿರೂ ಅಲ್ಲ, ಕಾರ್ಡೂ ಅಲ್ಲ, ಐದು ವರ್ಷಕ್ಕೆ ಬರೆದುಕೊಟ್ಟ ಒಂದು ಚೀಟಿ. ಅದರಲ್ಲಿ ಎರಡೂವರೆ ವರ್ಷ ಆಗಲೇ ಹೋಯಿತು. ವೀಸಾ ಬಂದ ಖುಷಿಗೆ ನಾನು ಏಳು ಪುಟ ಬರೆದೆ. ನೀನು ಮೂರು ಸಾಲು ಬರೆದೆ: 'ಹ್ವಾದ ವರ್ಷ ನಿಮ್ಮ ಅವ್ವ ಪಂಚಾಂಗ ನೋಡಿದ್ರು. ಈ ವರ್ಷ ನಾ ನೋಡತೇನಿ. ನನಗ ಯಾವಾಗ ಶ್ರಾವಣ ಬರತೈತಿ ಆವಾಗ ಬರತೇನಿ, ಬರದಿದ್ರ ಇಲ್ಲ.' ಕ್ಷೇಮವಿಲ್ಲ, ಕುಶಲವಿಲ್ಲ, ಕೆಳಗೆ ಹೆಸರೂ ಇಲ್ಲ. ಗಣಿತದ ಟೀಚರ್ ಬೋರ್ಡಿನ ಮೇಲೆ ಉತ್ತರ ಬರೆದು ಕೆಳಗೆ ಗೆರೆ ಎಳೆದ ಹಾಗೆ.

ಈಗ ನಿನ್ನೆ ಮೊನ್ನೆಯ ಕಥೆ. ಶುಕ್ರವಾರ ಸಂಜೆ ರೋಪ್‌ವೇಯ ತೊಟ್ಟಿಲಿನಿಂದ ಇಳಿದೆ. ಕ್ಯಾಂಪಿನ ಅಲೋಯ್ಸ್ ಎಂಬ ಮುದುಕ ಸಾಮಾನು ಹೊರಲು ಕುದುರೆ ಹಿಡಿದು ನಿಂತಿದ್ದ. ಎಪ್ಪತ್ತರ ಹತ್ತಿರದ ವಯಸ್ಸು, ದಿನಕ್ಕೆ ಇಪ್ಪತ್ತು ಮಾತಾಡಿದರೆ ಹೆಚ್ಚು. ನನ್ನ ಹಿಂದೆ ನೋಡಿದ, ತೊಟ್ಟಿಲಿನೊಳಗೆ ನೋಡಿದ, ಚೀಟಿ ನೋಡಿದ. ಚೀಟಿಯಲ್ಲಿ ಇಬ್ಬರು. ಮೇಲೆ ಬಂದರೆ ಅವನ ಅಕ್ಕ, ಈ ಬಿಡಾರದ ಯಜಮಾನಿ. ಫ್ರಾವ್, ಅಂದರೆ ಶ್ರೀಮತಿ, ಗುಂಡುಲಾ ಎಂದು ಹೆಸರು, ಹೆಸರು ಕೇಳಿ ಗುಂಡಗಿದ್ದಾಳು ಎನ್ನಬೇಡ, ಒಣಗಿದ ಬ್ಯಾಡಗಿ ಮೆಣಸಿನಕಾಯಿಯಷ್ಟೇ ತೂಕ. ಕೈ ಕುಲುಕಿ, 'ನಿಮ್ಮ ಹೆಂಡತಿ?' ಎಂದಳು. ಈ ದೇಶದವರಿಗೆ ಸುತ್ತುಬಳಸು ಗೊತ್ತಿಲ್ಲ. ಪಕ್ಕದ ಡೇರೆಯ ಹ್ಯಾಂಬರ್ಗಿನ ದಂಪತಿಗಳು, ಹಡಗಿನ ಕೆಲಸದಿಂದ ನಿವೃತ್ತರಾದವರು, ಅವರೂ ನೋಡುತ್ತ ನಿಂತರು. ಇಷ್ಟು ಜನರ ಮುಂದೆ ಬರಲಿಲ್ಲ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಏನು ಹೇಳಲಿ? ಆಷಾಢಕ್ಕೆ ಜರ್ಮನ್‌ನಲ್ಲಿ ಏನೆನ್ನುತ್ತಾರೆ? ನನ್ನ ಬಾಯಿ ನನ್ನನ್ನು ಕೇಳದೆಯೇ 'ನಾಳೆ' ಎಂದುಬಿಟ್ಟಿತು. ನಾಳೆ ಬರುತ್ತಾಳೆ. ಎಲ್ಲರ ಮುಖ ಅರಳಿತು. ಪೇಟೆಯಲ್ಲಿ ಗಿರಾಕಿಗೆ ನಾಳೆ ಎಂದರೆ ಅವನು ಅದನ್ನು ಅರ್ಧಕ್ಕೇ ತೂಗಿಕೊಂಡು ಹೋಗುತ್ತಾನೆ, ಇವರೂ ಹಾಗೆಯೇ ಎಂದುಕೊಂಡು ಉಂಡು ಮಲಗಿದೆ. ಇವರ ಹತ್ತಿರ ನಾಳೆ ಎಂದರೆ ಅದೊಂದು ತಾರೀಕು ಎನ್ನುವುದನ್ನು ಎರಡೂವರೆ ವರ್ಷದಲ್ಲಿ ಕಲಿಯಬೇಕಿತ್ತು.

ಶನಿವಾರ ಬೆಳಗ್ಗೆ ಗುಂಡುಲಾ ನಮ್ಮನ್ನೆಲ್ಲ ಹಿಮನದಿಗೆ ನಡೆಸಿಕೊಂಡು ಹೋದಳು. ಅಲೋಯ್ಸ್ ಬರಲಿಲ್ಲ, ಕೆಲಸವಿದೆ ಎಂದ. ಹಿಮನದಿ ಎಂದರೆ ನಾನು ಕ್ಯಾಲೆಂಡರಿನ ಕೈಲಾಸ ಎಂದುಕೊಂಡಿದ್ದೆ. ಹತ್ತಿರ ಹೋದರೆ ಹಳೆಯ ಗಾದಿಯ ಅರಳೆಯ ಬಣ್ಣ, ಮೇಲೆಲ್ಲ ಕಲ್ಲುಪುಡಿ. ಆದರೆ ಸೀಳಿನೊಳಗೆ ಬಗ್ಗಿ ನೋಡಿದರೆ ನೀಲಿ, ಎಂಥ ನೀಲಿ ಎಂದರೆ ನಿನ್ನನ್ನು ಕರೆದು ತೋರಿಸಲು ತಲೆ ತಿರುಗಿಸಿಯೇಬಿಟ್ಟೆ. ಹ್ಯಾಂಬರ್ಗಿನ ಅಜ್ಜಿ ನಿಂತಿದ್ದಳು, ಅವಳಿಗೇ ತೋರಿಸಿದೆ. ಒಂದು ಕಡೆ ಹಿಮದ ಮೇಲೆ ಬಿಳಿಯ ಬಟ್ಟೆ ಹಾಸಿ, ಅಂಚಿಗೆ ಕಲ್ಲು ಹೇರಿದ್ದಾರೆ. ಈ ವರ್ಷ ಕಂಡರಿಯದ ಬಿಸಿಲಂತೆ, ಕರಗದಿರಲಿ ಎಂದು ಹೊದಿಕೆ. ಮಳೆಮೋಡ ಕಂಡರೆ ಅವ್ವ ಮತ್ತು ಅವಳ ಜೊತೆಯ ಹೆಂಗಸರು ಮೆಣಸಿನಕಾಯಿ ರಾಶಿಯ ಮೇಲೆ ತಾಡಪಾಲು ಎಳೆದು ಕಲ್ಲಿಡುತ್ತ ಓಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಅಲ್ಲಿ ನೀರು ತಾಗದಿರಲಿ ಎಂದು, ಇಲ್ಲಿ ನೀರಾಗದಿರಲಿ ಎಂದು. ಬಟ್ಟೆಯ ಕೆಳಗಿನಿಂದ ನೀರು ಹರಿಯುತ್ತಲೇ ಇತ್ತು, ಒಂದೇ ಸಮನೆ, ಯಾರೋ ಒಳಗೆ ನಳ ಬಿಟ್ಟು ಮರೆತ ಹಾಗೆ. ನಾನು ಅಲ್ಲಿ ಒಂದು ತಾಸು ಕೂತೆ. ಒಂದು ಮಾತೂ ಆಡಲಿಲ್ಲ ಎಂದರೆ ನೀನು ಸಾಕ್ಷಿ ಕೇಳುತ್ತೀ, ಹ್ಯಾಂಬರ್ಗಿನವರನ್ನು ಕೇಳಬಹುದು.

ನಾಲ್ಕು ಗಂಟೆಗೆ ತಿರುಗಿ ಬಂದು ನೋಡುತ್ತೇನೆ, ಡೇರೆಯಲ್ಲಿ ಹೊಸ ಹಾಸಿಗೆ ಹಾಸಿದ್ದಾರೆ, ನಿನ್ನ ದಿಂಬಿನ ಮೇಲೆ ನೇರಳೆ ಹೂವಿನ ಗೊಂಚಲು. ಅಡುಗೆಮನೆಯಿಂದ ಒಬ್ಬಳು ಬಂದು ನಿಮ್ಮ ಹೆಂಡತಿ ಮೊಟ್ಟೆ ತಿನ್ನುತ್ತಾಳೆಯೇ ಎಂದು ಕೇಳಿದಳು. ಇಲ್ಲ ಎಂದೆ. ಹಾಲು? ಹಾಲು ಕುಡಿಯುತ್ತಾಳೆ, ಏಲಕ್ಕಿ ಹಾಕಿದರೆ ಎಂದೆ. ನೋಡು ವಿಜಯಾ, ಅಲ್ಲಿಯಾದರೂ ನಿಲ್ಲಿಸಬಹುದಿತ್ತು, ಆದರೆ ನಿನ್ನ ಬಗ್ಗೆ ಯಾರಾದರೂ ಕೇಳಿ, ನಾನು ಉತ್ತರ ಹೇಳಿ ಎಷ್ಟು ದಿನವಾಗಿತ್ತು! ಹಾಲು, ಏಲಕ್ಕಿ, ಎತ್ತರ ಇಷ್ಟು, ನಕ್ಕರೆ ಎಡಗಡೆ ಮಾತ್ರ ಕುಳಿ ಬೀಳುತ್ತದೆ ಎಂದೆ. ಅಲೋಯ್ಸ್ ಎಲ್ಲಿ ಎಂದು ಕೇಳಿದರೆ, ಒಂದು ಗಂಟೆಗೇ ಕುದುರೆ ಹೊಡೆದುಕೊಂಡು ಇಳಿದು ಹೋಗಿದ್ದಾನೆ ಎಂದರು. ಸೀರೆ ಉಟ್ಟ ಹೆಣ್ಣುಮಗಳು ಈ ಕಲ್ಲಿನ ದಾರಿ ಹತ್ತಲಾರಳು ಎಂದು ಜೀನಿನ ಮೇಲೆ ಕಂಬಳಿ ಮಡಿಚಿ ಹಾಕಿಕೊಂಡು, ಗಡ್ಡ ಹೆರೆದುಕೊಂಡು, ಹೊಸ ವೇಸ್ಟ್‌ಕೋಟು ತೊಟ್ಟು. ಓಡಿಹೋಗಿ ಕರೆದು ತರೋಣವೆಂದು ಎದ್ದೆ. ಕೂತೆ. ಹೋಗಿ ಏನು ಹೇಳಲಿ? ಕೊನೆಯ ತೊಟ್ಟಿಲು ಐದೂವರೆಗೆ. ಅದಾದ ಮೇಲೆ ತಾನೇ ಬರುತ್ತಾನೆ, ಬಂದ ಮೇಲೆ ಏನಾದರೂ ಹೇಳಿದರಾಯಿತು ಎಂದು ನನ್ನ ಹಳೆಯ ಬುದ್ಧಿ ಹೇಳಿತು. ಎಷ್ಟೋ ಕೆಲಸವನ್ನು ಆ ಬುದ್ಧಿಯ ಕೈಗೆ ಕೊಟ್ಟು ಕೆಟ್ಟಿದ್ದೇನೆ.

ಏಳು ಗಂಟೆಗೆ ಬಂದ. ಬೆಟ್ಟದ ಮೇಲೆ ಇನ್ನೂ ಬಿಸಿಲು. ಕುದುರೆಯ ಬೆನ್ನ ಮೇಲೆ ಕಂಬಳಿ ಮಡಿಚಿದ್ದು ಮಡಿಚಿದ ಹಾಗೇ ಇತ್ತು. ಅವನ ಕೈಯಲ್ಲಿ ರಟ್ಟಿನ ತುಂಡು, ಅದರ ಮೇಲೆ ಇದ್ದಿಲಿನಲ್ಲಿ ನಿನ್ನ ಹೆಸರು, ಒಂದಕ್ಷರವೂ ತಪ್ಪಿಲ್ಲ. ನಮ್ಮ ಮದುವೆಯ ಪತ್ರಿಕೆಯಲ್ಲೇ ತಪ್ಪಿತ್ತು, ನೆನಪಿದೆಯಲ್ಲ. ಒಂದೂವರೆಯಿಂದ ಐದೂವರೆಯವರೆಗೆ ಒಂಬತ್ತು ತೊಟ್ಟಿಲು ಬಂದವಂತೆ, ಒಂಬತ್ತಕ್ಕೂ ಈ ರಟ್ಟು ಎತ್ತಿ ಹಿಡಿದು ನಿಂತನಂತೆ. ಕೊನೆಯದು ಬರಿದಾದ ಮೇಲೆ ಕೆಳಗಿನ ಸ್ಟೇಷನ್ನಿಗೆ ಫೋನ್ ಮಾಡಿಸಿ, ಇಂಥ ಹೆಣ್ಣುಮಗಳು ಕಂಡಳೇ ಎಂದು ಕೇಳಿದನಂತೆ. ಅವನ ಮುಖ ಕಪ್ಪಿಟ್ಟಿತ್ತು. ಅಕ್ಕನ ಕಡೆ ತಿರುಗಿ, ಬೆಟ್ಟದಲ್ಲಿ ಕಳೆದುಹೋದವರನ್ನು ಹುಡುಕುವ ಪಡೆಗೆ ವೈರ್‌ಲೆಸ್ ಮಾಡು ಎಂದ. ಯಾರಾದರೂ ತಪ್ಪು ದಾರಿ ಹೇಳಿ ಅವಳು ಹಿಮದ ಕಡೆ ನಡೆದಿದ್ದರೆ ಕತ್ತಲಾಗಲು ಎರಡು ತಾಸೇ ಇದೆ ಎಂದ. ಗುಂಡುಲಾ ಓಡಿದಳು. ಹ್ಯಾಂಬರ್ಗಿನ ಅಜ್ಜ ಆಗಲೇ ಬೂಟು ಕಟ್ಟಿಕೊಳ್ಳುತ್ತಿದ್ದ. ಎಲ್ಲೂ ಇಲ್ಲದ ನಿನ್ನನ್ನು ಹುಡುಕಲು ಐದಾರು ಜನ ಹೊರಟು ನಿಂತರು.

ನಿಲ್ಲಿ ಎಂದೆ. ಅವಳು ಬರುವುದಿಲ್ಲ, ಅವಳು ಇಂಡಿಯಾದಲ್ಲಿದ್ದಾಳೆ, ನಾನು ಸುಳ್ಳು ಹೇಳಿದೆ ಎಂದೆ. ಕನ್ನಡದಲ್ಲಾಗಿದ್ದರೆ ಇದನ್ನು ಹೇಳಲು ಅರ್ಧ ತಾಸು ಹಿಡಿಯುತ್ತಿತ್ತು, ಹೇಳಿ ಮುಗಿಸುವಷ್ಟರಲ್ಲಿ ತಪ್ಪು ಬೇರೆ ಯಾರದ್ದೋ ಆಗಿರುತ್ತಿತ್ತು. ನನ್ನ ಜರ್ಮನ್ ಮೂರನೆಯ ಇಯತ್ತೆಯದು, ಮೂರು ವಾಕ್ಯಕ್ಕೆ ಮುಗಿಯಿತು. ಹ್ಯಾಂಬರ್ಗಿನ ಅಜ್ಜ ಬಗ್ಗಿದ್ದವನು ಬಗ್ಗಿದಲ್ಲೇ ನಿಂತ. ಗುಂಡುಲಾ ಏನೋ ಒರಟಾಗಿ ಅಂದಳು, ಅದು ನನಗೆ ಅರ್ಥವಾಗದ್ದು ದೇವರ ದಯೆ. ಅಲೋಯ್ಸ್ ಬೈಯಲಿಲ್ಲ. ಕುದುರೆಯ ಬೆನ್ನಿನಿಂದ ಕಂಬಳಿ ಇಳಿಸಿ ಕೊಡವಿದ. ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದ, ಅವಳಿಗೆ ಸಿಟ್ಟೇ? ಹೌದು ಎಂದೆ. ನಿನ್ನ ಮೇಲೋ? ಇಲ್ಲ, ನನ್ನ ತಾಯಿಯ ಮೇಲೆ ಎಂದೆ. ಅದಕ್ಕವನು, ನಿನ್ನ ತಾಯಿ ಏನು ಮಾಡಿದಳು ಎಂದು ಕೇಳಿದ. ನಾನು ಕೊಟ್ಟ ಉತ್ತರವನ್ನು ಆಮೇಲೆ ಬರೆಯುತ್ತೇನೆ. ಉಳಿದದ್ದು ಮುಗಿಯಲಿ.

ಉಳಿದದ್ದು ಎಂದರೆ, ಎಷ್‌ಬಾರ್ನಿನ ಮನೆ ನಲವತ್ತಾರು ಚದರ ಮೀಟರ್, ಎಸ್-ಬಾನ್ ರೈಲಿನ ಸ್ಟೇಷನ್ನಿಗೆ ಏಳು ನಿಮಿಷ, ನಿನ್ನ ನಡಿಗೆಯಲ್ಲಿ ಒಂಬತ್ತು. ಅಡುಗೆಮನೆಯ ಕಿಟಕಿಗೆ ಬೆಳಗಿನ ಬಿಸಿಲು ಬರುತ್ತದೆ. ಫ್ರಾಂಕ್‌ಫರ್ಟಿನಲ್ಲಿ ಒಂದು ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಹಳೆಯದು, ರೊಟ್ಟಿ ಬಡಿದರೆ ಅಂಚು ಸೀಳುತ್ತದೆ. ನೀನು ತರುವುದಾದರೆ ಎರಡು ಕಿಲೋ ತಾ. ಈ ತಿಂಗಳ ಮೂವತ್ತಕ್ಕೆ ಶ್ರಾವಣ, ಕ್ಯಾಲೆಂಡರಿನ ಶ್ರಾವಣ. ನಿನ್ನದು ಯಾವತ್ತು ಎಂದು ನೀನೇ ಬರೆಯಬೇಕು. ಮಾವನವರಿಗೂ ಅತ್ತೆಯವರಿಗೂ ನನ್ನ ಶರಣಾರ್ಥಿ ಮುಟ್ಟಿಸು. ರವಿಶಂಕರನಿಗೆ ಹೇಳು, ಸುಳ್ಳು ಹೇಳುವ ಮುಂಚೆ ಉಸಿರು ಎಳೆದುಕೊಳ್ಳಬಾರದು, ಸಿಕ್ಕಿಬೀಳುತ್ತಾರೆ. ನಿನ್ನ ಗಂಟಲು ಬೇಗ ತೆರೆಯಲಿ, ಮೊದಲ ಬೈಗುಳ ನನಗೇ ಇರಲಿ.

ಇಬ್ಬರ ಡೇರೆಯಲ್ಲಿ ಒಬ್ಬನಾಗಿರುವ,
ನಿನ್ನ ನಿಜಲಿಂಗಪ್ಪ

ತಾ.ಕ.: ಅಲೋಯ್ಸ್ ಕೆಳಗೆ ಹೊರಟಿದ್ದಾನೆ, ಕಾಗದ ಅವನ ಕೈಯಲ್ಲೇ ಹೋಗಬೇಕು, ಹತ್ತು ನಿಮಿಷ ಕೊಟ್ಟಿದ್ದಾನೆ. ನಿನ್ನ ತಾಯಿ ಏನು ಮಾಡಿದಳು ಎಂದನಲ್ಲ, 'ಏನೂ ಮಾಡಿಲ್ಲ' ಎಂದೆ. ಅದೇ ನಿಜ. ಆಷಾಢದ ಮಾತು ಅವ್ವನದಲ್ಲ ವಿಜಯಾ, ನನ್ನದು. ಮದುವೆಯ ಮಾತಿನ ದಿನ ನಿಮ್ಮ ಪಡಸಾಲೆಯಲ್ಲಿ ಎರಡು ಕೋಣೆ, ಒಂದು ಬಾಲ್ಕನಿ ಎಂದೆನಲ್ಲ, ಆಗ ನನಗಿದ್ದದ್ದು ದ್ವಾರಕನಾಥನ ಜೊತೆ ಹಂಚಿಕೊಂಡ ಒಂದೇ ಕೋಣೆ. ಆವತ್ತು ತೋರಿಸಿದ ಫೋಟೋದ ಬಾಲ್ಕನಿ ಮತ್ಯಾರದೋ. ವೀಸಾ ಸಂದರ್ಶನಕ್ಕೆ ಮನೆಯ ಬಾಡಿಗೆ ಕರಾರು ತೋರಿಸಬೇಕು, ಅದನ್ನು ನಿನ್ನ ಕೈಗೇ ಕಳಿಸಬೇಕಿತ್ತು, ಕೋಣೆ ಎಷ್ಟು, ಮೀಟರ್ ಎಷ್ಟು ಎಂದು ಓದದೆ ಬಿಡುವವಳಲ್ಲ ನೀನು. ಹೆದರಿ ಅವ್ವನಿಗೆ ಫೋನ್ ಮಾಡಿ ಆಷಾಢ ಎಂದು ಹೇಳು ಎಂದೆ. 'ಆಕಿ ಸಂದರ್ಶನಕ್ಕ ಹೊಂಟಾಳಲೋ, ಅದಕ್ಯಾತರ ಆಷಾಢ? ನಿಂದಽ ನೀ ಹೇಳ್ಕೋ' ಎಂದಳು. ಕಾಡಿಸಿದೆ, ಕಣ್ಣೀರು ಹಾಕಿದೆ, ಹೇಳಿದಳು. ನವೆಂಬರಿನಲ್ಲೇ ಇನ್ನೊಂದು ತಾರೀಕು ಸಿಗುತ್ತಿತ್ತು, ಮನೆ ಸಿಗದೆ ನಾನೇ ಮುಂದೆ ತಳ್ಳಿದೆ. ಮೇ ತಿಂಗಳಲ್ಲಿ ಕರಾರು ನೋಡಿ ನೀನು 'ಮನಿ ಯಾಕ ಬದಲಿ ಮಾಡಿದ್ರಿ' ಎಂದಾಗ ಆಫೀಸಿಗೆ ಹತ್ತಿರ ಎಂದೆ, ಅದೂ ಸುಳ್ಳು. ದಸರೆಗೆ ಅವ್ವ ಕಳಿಸಿದ ಇಳಕಲ್ ಸೀರೆಯನ್ನು ನೀನು ಮಡಿಕೆ ಬಿಚ್ಚದೆ ತಿರುಗಿ ಕಳಿಸಿದೆಯಲ್ಲ, ಆಗಲೂ ಅವ್ವ 'ಬಣ್ಣ ಸೇರಿಲ್ಲ ಕಾಣಸ್ತೈತಿ' ಎಂದಳು, ಅಷ್ಟೆ, ನನ್ನನ್ನು ಒಂದು ಮಾತು ಬೈಯಲಿಲ್ಲ. ಕುದುರೆ ಹೊರಟಿತು. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಬರದಿದ್ದರೆ ನನ್ನ ಮೇಲಿನ ಸಿಟ್ಟಿಗೆ ಬರದಿರು. ಆದರೆ ಒಮ್ಮೆ ಬ್ಯಾಡಗಿಗೆ ಹೋಗಿ ಬಾ. ನೀನು ಕೇಳಿದರೆ, ಆ ಮಾತು ತನ್ನದೇ ಎಂದು ಅವ್ವ ಈಗಲೂ ಸಾಧಿಸುತ್ತಾಳೆ. ನಂಬಬೇಡ.